ಮುರ್ಲು, ಕೆರೆ ಮತ್ತು ಹಗುರ ಗಾಳದ ಸೂಕ್ಷ್ಮಕಲೆ

ಕೆ.ಆರ್. ಪುರ ದಾಟಿದ ಮೇಲೆ ಹಳೆ ಮದರಾಸು ರಸ್ತೆಯ ಪಕ್ಕದಲ್ಲಿ ಹರಡಿಕೊಂಡಿರುವ ಎಲೆಮಲ್ಲಪ್ಪ ಶೆಟ್ಟಿ ಕೆರೆಯಂಥ ವಿಶಾಲ ಜಲರಾಶಿಯನ್ನು ಮುಂಜಾನೆಯ ಹೊತ್ತು ತಾಳ್ಮೆಯಿಂದ ನೋಡುವವರಿಗೆ ಒಂದು ಅಪೂರ್ವ ದೃಶ್ಯ ಕಾದಿರುತ್ತದೆ. ಅಂತರಗಂಗೆಯ ಹಸಿರು ಹಾಸಿನ ಅಂಚಿನಲ್ಲಿ ನೀರು ಮೆಲ್ಲನೆ ಉಬ್ಬುತ್ತದೆ, ಗುಳ್ಳೆಯೊಂದು ಒಡೆಯುತ್ತದೆ, ಉಂಗುರ ಹಬ್ಬಿ ಮಾಯವಾಗುತ್ತದೆ. ಕೆರೆಯ ಅಧಿಪತಿ ಮೇಲೆ ಬಂದು ಉಸಿರೆಳೆದುಕೊಂಡು ಹೋದ ಗುರುತು ಅದು. ಹಾವಿನ ಹೆಡೆಯನ್ನು ನೆನಪಿಸುವ ಚಪ್ಪಟೆ ತಲೆ, ನೀಳವಾದ ಬಲಿಷ್ಠ ಶರೀರ, ಹಲ್ಲು ತುಂಬಿದ ದವಡೆ: ಮುರ್ಲು ಮೀನಿನ ಸ್ವರೂಪವೇ ಬೇಟೆಗಾರನ ಸ್ವರೂಪ. ಕಿವಿರಿನ ಜೊತೆಗೆ ತಲೆಯೊಳಗಿನ ವಿಶೇಷ ಅಂಗದಿಂದ ವಾಯುಮಂಡಲದ ಗಾಳಿಯನ್ನೇ ಉಸಿರಾಡಬಲ್ಲ ಈ ಜೀವಿ, ಆಮ್ಲಜನಕ ಬತ್ತಿದ ನೀರಿನಲ್ಲೂ ಬದುಕುತ್ತದೆ. ಮಾರುಕಟ್ಟೆಗಳಲ್ಲಿ ಇದನ್ನು ತೊಟ್ಟಿಯಲ್ಲಿ ಜೀವಂತವಾಗಿಯೇ ಮಾರಲು ಸಾಧ್ಯವಾಗಿರುವುದೂ ಈ ಸಾಮರ್ಥ್ಯದಿಂದಲೇ.

ಸಾಗರದಾಚೆ, ಅಮೆರಿಕದ ಸಿಹಿನೀರಿನ ಸರೋವರಗಳಲ್ಲಿ ಇದೇ ಸ್ಥಾನವನ್ನು ಅಲಂಕರಿಸಿರುವ ಮೀನು ಬಾಸ್. ಕಳೆಯ ಮರೆಯಲ್ಲಿ ಹೊಂಚುಹಾಕಿ, ಕ್ಷಣಾರ್ಧದಲ್ಲಿ ಎರಗುವ ಆ ಮೀನಿನ ಸುತ್ತ ಒಂದೂವರೆ ಶತಮಾನದ ಸಾಹಿತ್ಯ, ಬೃಹತ್ ಉದ್ಯಮ ಮತ್ತು ಫಿನೆಸ್ ಎಂಬ ನಾಜೂಕಿನ ಗಾಳವಿದ್ಯೆ ಬೆಳೆದು ನಿಂತಿವೆ. ಬಾಸ್ ನಮ್ಮ ಕೆರೆಗಳ ಮೀನಲ್ಲ. ಆದರೆ ಅದಕ್ಕಾಗಿ ರೂಪುಗೊಂಡ ಕೋಲು, ರೀಲು, ನೂಲು, ಕೃತಕ ಎರೆಗಳೆಲ್ಲ ಇಂದು ಬೆಂಗಳೂರಿನ ಹವ್ಯಾಸಿಗಳ ಕೈಸೇರಿವೆ, ಮತ್ತು ಅವು ಇಲ್ಲಿ ಹುಡುಕುತ್ತಿರುವುದು ಮುರ್ಲನ್ನು. ಇನ್ನೊಂದು ಸಂಗತಿ ಇದಕ್ಕಿಂತ ಸೋಜಿಗದ್ದು. ನಮ್ಮ ಹೂವಿನ ಮುರ್ಲಿನ ಹತ್ತಿರದ ಬಂಧುವೊಂದು 2000ನೇ ಇಸವಿಯಲ್ಲಿ ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಜಲಾಶಯದಲ್ಲಿ ಪತ್ತೆಯಾಗಿ, ಅಲ್ಲಿನ ಕಾಲುವೆಗಳಲ್ಲಿ ನೆಲೆಯೂರಿತು. ಬಾಸ್ ಹಿಡಿಯಲು ಹೊರಟ ಅಮೆರಿಕನ್ನರ ರಬ್ಬರ್ ಕಪ್ಪೆಯನ್ನು ಇಂದು ಅಲ್ಲಿ ನಮ್ಮ ಮುರ್ಲಿನ ಆ ಬಂಧು ನುಂಗುತ್ತಿದೆ. ಈ ಎರಡು ಮೀನುಗಳ ಸ್ವಭಾವಸಾಮ್ಯಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಡ.

ಗಾಳವನ್ನು ಹೊಟ್ಟೆಪಾಡಿನ ಸಾಧನವಾಗಿ ಮಾತ್ರವಲ್ಲದೆ ವಿನೋದವಾಗಿ, ಶಾಸ್ತ್ರವಾಗಿ ಕಂಡ ಪರಂಪರೆ ಕನ್ನಡ ನೆಲಕ್ಕೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯವಿದೆ. ಯಾವ ಮೀನು ಎಂಥ ನೀರಿನಲ್ಲಿ ವಾಸಿಸುತ್ತದೆ, ಯಾವುದಕ್ಕೆ ಯಾವ ಆಹಾರ ರುಚಿಸುತ್ತದೆ, ಗಾಳ ಹಾಕುವುದು ಹೇಗೆ ಎಂಬುದನ್ನೆಲ್ಲ ಅರಸನೊಬ್ಬ ಪಾಕಶಾಸ್ತ್ರ, ಸಂಗೀತ, ಗಜಶಾಸ್ತ್ರಗಳ ಸಾಲಿನಲ್ಲೇ ಕೂರಿಸಿ ವಿವರಿಸಿದ್ದಾನೆ. ಭಾರತೀಯ ಮತ್ಸ್ಯವಿಜ್ಞಾನದ ಮೇರುಪುರುಷ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ವಿದ್ವತ್‌ಲೋಕದ ಗಮನಕ್ಕೆ ತಂದರು. ಇಂಗ್ಲೆಂಡಿನಲ್ಲಿ ಐಸಾಕ್ ವಾಲ್ಟನ್ ಗಾಳವಿದ್ಯೆಯ ಪ್ರಖ್ಯಾತ ಗ್ರಂಥವನ್ನು ಪ್ರಕಟಿಸಿದ್ದು 1653ರಲ್ಲಿ. ಅಂದರೆ, ನಮ್ಮ ಚಕ್ರವರ್ತಿಗಿಂತ ಐದು ಶತಮಾನಗಳಷ್ಟು ತಡವಾಗಿ.

ಆಧುನಿಕ ಕಾಲದ ಮೊದಲ ಮಹತ್ವದ ಕೃತಿಯೂ ಕರ್ನಾಟಕದ ಮುದ್ರಣಾಲಯದಿಂದಲೇ ಬಂತೆಂಬುದು ಅಭಿಮಾನದ ವಿಷಯ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಿಂದ, ಬಾಸೆಲ್ ಮಿಷನ್‌ನ ಮೂಲಕ ಹೊರಬಂತು. ಪಶ್ಚಿಮ ಘಟ್ಟದ ನದಿಗಳ ಮಹಶೀರ್ ಮೀನಿನ ಬಗೆಗೆ ಅವರು ತೋರಿದ ಅಕ್ಕರೆ ಪುಟಪುಟದಲ್ಲೂ ಎದ್ದು ಕಾಣುತ್ತದೆ. 1887ರಲ್ಲಿ ಅದೇ ಲೇಖಕರಿಂದ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಎರಡನೆಯ ಗ್ರಂಥ ಬಂತು. ಭೋರ್ಗರೆಯುವ ನದಿಯನ್ನು ಬಿಟ್ಟು, ದಕ್ಷಿಣದ ನಿಶ್ಚಲ ಕೆರೆಗಳಿಗೆಂದೇ ಮೀಸಲಾದ ಪುಸ್ತಕ ಅದು. ನದಿಯ ದೈತ್ಯನಿಗೆ ಬೇಕಾದ ಬಲವೇ ಬೇರೆ, ಕೆರೆಯ ಮೀನಿಗೆ ಬೇಕಾದ ಕೈಚಳಕವೇ ಬೇರೆ ಎಂಬ ಆ ವಿಭಜನೆ ಇಂದಿಗೂ ಗಾಳಪ್ರಿಯರ ಮೊದಲ ಪಾಠ.

ಈ ಪಾಠಕ್ಕೆ ಬೆಂಗಳೂರಿನ ದಂಡುಪ್ರದೇಶಕ್ಕಿಂತ ಉತ್ತಮ ಶಾಲೆ ದೊರಕುವಂತಿರಲಿಲ್ಲ. 1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಸುತ್ತ ನೆಲೆಯೂರಿದಾಗ ಅಲ್ಲಿ ಕೆರೆ ಆಗಲೇ ಇತ್ತು. ಅದು ಕೆಂಪೇಗೌಡರ ವಂಶದವರ ಕೊಡುಗೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಕಾಲದಲ್ಲಿ ಅದು ವಿಸ್ತಾರವಾಗಿ ಅಭಿವೃದ್ಧಿ ಹೊಂದಿತು. 1881ರಿಂದ 1947ರವರೆಗೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಈ ಭಾಗದಲ್ಲಿ ಕುದುರೆ, ಪೋಲೋ, ಬೇಟೆಯ ಜೊತೆ ಗಾಳದ ಕೋಲೂ ನಿತ್ಯಜೀವನಕ್ಕೆ ಬಂತು. ಕೆರೆಯ ದಡದಲ್ಲಿ ಇಂದಿಗೂ ಮದ್ರಾಸ್ ಸ್ಯಾಪರ್ಸ್ ಸೈನಿಕರ ನೆಲೆಯಿದೆ. ಅವರ ದೋಣಿಗಳು ಸಾಗುವ ನೀರಿನಲ್ಲಿ ನಡುಗಡ್ಡೆಗಳ ನೆರಳು ಬಿದ್ದಿರುತ್ತದೆ. ಶಿವಾಜಿನಗರದ ರಸೆಲ್ ಮಾರುಕಟ್ಟೆ 1933ರಲ್ಲಿ ಉದ್ಘಾಟನೆಗೊಂಡ ಮೇಲಂತೂ ದಂಡಿನ ಮನೆಗಳ ಮೀನಿನ ಬೇಡಿಕೆಗೆ ಭವ್ಯವಾದ ನೆಲೆಯೇ ದೊರಕಿತು. ಅಷ್ಟರಲ್ಲಿ ಮೈಸೂರು ಸಂಸ್ಥಾನವೂ ಸುಮ್ಮನಿರಲಿಲ್ಲ. ವನ್ಯಮೃಗಗಳ ಜೊತೆ ಮೀನನ್ನೂ ರಕ್ಷಿಸುವ ಕಾಯಿದೆಯನ್ನು ಅದು 1901ರಲ್ಲೇ ಜಾರಿಗೆ ತಂದಿತ್ತು.

ದಂಡಿನ ಗಾಳಪ್ರಿಯರ ಪರಮಗುರಿ ಮಾತ್ರ ಕಾವೇರಿಯ ಮಹಶೀರ್. 1946ರಲ್ಲಿ ಮೈಸೂರಿನ ಪ್ರಸಿದ್ಧ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ ಕಬಿನಿಯಲ್ಲಿ ಹಿಡಿದ 120 ಪೌಂಡ್ ತೂಕದ, ಅಂದರೆ ಸುಮಾರು 54 ಕಿಲೋ ತೂಗಿದ ಮಹಶೀರ್ ಇಂದಿಗೂ ಜಗತ್ತಿನ ಗಾಳಸಾಹಿತ್ಯದಲ್ಲಿ ದಂತಕಥೆ. 1972ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ದಕ್ಷಿಣ ಭಾರತ ವನ್ಯಜೀವಿ ಸಂಘ ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಹಿಡಿದ ಮೀನನ್ನು ಮತ್ತೆ ಹೊಳೆಗೇ ಬಿಡುವ ಪದ್ಧತಿಯನ್ನು ಬೆಳೆಸಿತು. ಹೊಳೆದಂಡೆಯ ಹಳ್ಳಿಗರು ಮಾರ್ಗದರ್ಶಕರಾದರು. ವಿದೇಶದ ದುಬಾರಿ ರೀಲಿನ ತುದಿಯಲ್ಲಿ ಅವರು ಕಟ್ಟುತ್ತಿದ್ದ ಎರೆ, ಗಟ್ಟಿಯಾಗಿ ಬೇಯಿಸಿ ನಾದಿದ ರಾಗಿಮುದ್ದೆಯ ಉಂಡೆ! ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ದಾಖಲಾದ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ವಿವರ ಆಮೇಲೆ ವಿಜ್ಞಾನಿಗಳಿಗೆ ಅಮೂಲ್ಯ ಆಕರವಾಯಿತು. ಮೀನುಮರಿ ಉತ್ಪಾದನಾ ಕೇಂದ್ರಗಳಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚಿದಂತೆ, ಕಾವೇರಿಯದೇ ಆದ ಡುಬ್ಬದ ಮಹಶೀರ್ ಕುಸಿಯುತ್ತ ಹೋದದ್ದು ಆ ಪುಟಗಳಿಂದಲೇ ಬೆಳಕಿಗೆ ಬಂತು. 2018ರಲ್ಲಿ ಟಾರ್ ರೆಮಾದೇವಿಯೈ ಎಂಬ ವೈಜ್ಞಾನಿಕ ಹೆಸರು ಖಚಿತಗೊಂಡ ಆ ಮೀನು ಈಗ ಅಳಿವಿನ ತೀವ್ರ ಅಂಚಿನಲ್ಲಿದೆ. ಕಾವೇರಿ ವನ್ಯಧಾಮದೊಳಗಿನ ಗಾಳವೂ ಕಳೆದ ದಶಕದ ಆರಂಭದಲ್ಲಿ ನಿಂತುಹೋಯಿತು.

ಹೊಳೆಯ ಬಾಗಿಲು ಮುಚ್ಚಿದಾಗ ಹವ್ಯಾಸಿಯ ದೃಷ್ಟಿ ಮರಳಿ ಬಿದ್ದದ್ದು ಕೆರೆಯ ಮೇಲೆ. ಇಲ್ಲಿಂದ ಮುಂದೆ ಕೈಚಳಕದ ಕಥೆ. ಇದನ್ನು ಜಗತ್ತಿನ ಬಾಸ್ ಗಾಳಗಾರರು ಕಟ್ಟಿಬೆಳೆಸಿದ ರೀತಿಯನ್ನು ಸ್ವಲ್ಪ ತಿಳಿದಿರುವುದು ಒಳ್ಳೆಯದು. ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯ 1881ರಲ್ಲಿ ಬಾಸ್ ಮೀನಿಗೆಂದೇ ಒಂದು ಗ್ರಂಥ ಬರೆದು ಅದಕ್ಕೆ ಗೌರವ ತಂದುಕೊಟ್ಟರು. 1905ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಇಲಿಂಗ್‌ವರ್ತ್ ರೂಪಿಸಿದ, ಸುರುಳಿ ತಿರುಗದೆ ನಿಂತಿರುವ ರೀಲು ಹಗುರ ಎರೆಯನ್ನೂ ದೂರ ಎಸೆಯುವುದನ್ನು ಸಾಧ್ಯವಾಗಿಸಿತು. 1949ರಲ್ಲಿ ಓಹಾಯೋದ ನಿಕ್ ಕ್ರೀಮ್ ಮೃದು ಪ್ಲಾಸ್ಟಿಕ್ಕಿನ ಎರೆಹುಳುವನ್ನು ತಯಾರಿಸಿದರು. ಬಾಸ್ 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ಹೋಯಿತು. ಅಲ್ಲಿನ ಕಿಕ್ಕಿರಿದ ದಡಗಳಲ್ಲಿ, ಎಷ್ಟೋ ಗಾಳಗಳನ್ನು ಕಂಡು ಎಚ್ಚರಗೊಂಡ ಮೀನುಗಳನ್ನು ಮರುಳುಮಾಡುವ ಅನಿವಾರ್ಯತೆಯಿಂದ ಫಿನೆಸ್ ಪ್ರೌಢವಾಯಿತು. ಜಾರ್ಜಿಯಾದಲ್ಲಿ 1932ರಲ್ಲಿ ಸ್ಥಾಪಿತವಾದ 22 ಪೌಂಡ್ 4 ಔನ್ಸಿನ ವಿಶ್ವದಾಖಲೆಯನ್ನು 2009ರಲ್ಲಿ ಸರಿಗಟ್ಟಿದ್ದು ಜಪಾನಿನ ಬಿವಾ ಸರೋವರದ ಮೀನು.

ಜನಸಂದಣಿಯ ನಡುವಿನ ನೀರು, ಅಂಜುಬುರುಕ ಮೀನು: ಈ ಎರಡೂ ಪೂರ್ವ ಬೆಂಗಳೂರಿಗೆ ಚೆನ್ನಾಗಿ ಒಪ್ಪುವ ಮಾತು. ಆದರೆ ಹೊರಗಿನ ತಂತ್ರವನ್ನು ಹಾಗೆಯೇ ಇಳಿಸಿಕೊಂಡರೆ ಇಲ್ಲಿ ಕೈಕೊಡುತ್ತದೆ. ಅಲ್ಲಿನ ಪುಸ್ತಕಗಳು ತಿಳಿನೀರಿಗೆ ಬರೆದವು. ನಮ್ಮ ಕೆರೆಗಳ ನೀರು ವರ್ಷದ ಬಹುಕಾಲ ಪಾಚಿಯಿಂದ ಹಸಿರು, ಮಳೆ ಬಂದಾಗ ಮಣ್ಣಿನಿಂದ ಕೆಂಪು. ಇಂಥ ನೀರಿನಲ್ಲಿ ಮುರ್ಲು ಕಣ್ಣನ್ನು ನಂಬುವಷ್ಟೇ ಪಕ್ಕೆಯುದ್ದಕ್ಕೂ ಇರುವ ಸ್ಪಂದನೇಂದ್ರಿಯವನ್ನೂ ನಂಬುತ್ತದೆ. ಅದಕ್ಕೆ ಬೇಕಾದದ್ದು ಅಗೋಚರ ಎರೆಯಲ್ಲ. ಮೆಲ್ಲಗೆ ಕಂಪಿಸುವ, ಗಾಢ ಬಣ್ಣದ, ಸ್ಪಷ್ಟ ಆಕೃತಿಯ ಎರೆ.

ನೂಲಿನ ಆಯ್ಕೆಯಲ್ಲಿಯೇ ಅರ್ಧ ವಿದ್ಯೆ ಅಡಗಿದೆಯೆಂದು ಧೈರ್ಯವಾಗಿ ಹೇಳಬಹುದು. ಮೂರು ಬಗೆಯ ನೂಲುಗಳು ಇಂದು ಬಳಕೆಯಲ್ಲಿವೆ. ನೈಲಾನಿನ ಸಾಂದ್ರತೆ ಸುಮಾರು 1.14, ಅದು ನಿಧಾನವಾಗಿ ಮುಳುಗುತ್ತದೆ, ಎಳೆದರೆ ಹಿಗ್ಗುತ್ತದೆ, ಅಗ್ಗವೂ ಹೌದು, ಕಲಿಯುವವರ ತಪ್ಪನ್ನು ಸಹಿಸುವಂಥದ್ದೂ ಹೌದು. ಫ್ಲೋರೋಕಾರ್ಬನ್ನಿನ ಸಾಂದ್ರತೆ 1.78. ಬೇಗ ಮುಳುಗುವ ಇದು ಕಲ್ಲಿನ ಉಜ್ಜಾಟಕ್ಕೂ ಜಗ್ಗುವುದಿಲ್ಲ. ಅದರ ವಕ್ರೀಭವನಾಂಕ 1.42, ನೀರಿನದು 1.33, ನೈಲಾನಿಗಿಂತ ನೀರಿಗೆ ಹತ್ತಿರವಾದ್ದರಿಂದ ಕಣ್ಣಿಗೆ ಕಡಿಮೆ ಬೀಳುತ್ತದೆ. ಮೂರನೆಯದು ಪಾಲಿಥಿಲೀನ್ ಎಳೆಗಳನ್ನು ಹೆಣೆದ ಬ್ರೇಡ್. ಸಾಂದ್ರತೆ 0.97, ಅಂದರೆ ತೇಲುತ್ತದೆ. ಹಿಗ್ಗುವುದೇ ಇಲ್ಲ ಎನ್ನಬಹುದು, ಹಾಗಾಗಿ ಮೀನಿನ ಅತಿ ಸಣ್ಣ ಸ್ಪರ್ಶವೂ ಬೆರಳಿಗೆ ತಲುಪುತ್ತದೆ. ರೀಲಿನ ತುಂಬ ತೆಳು ಬ್ರೇಡ್, ತುದಿಗೆ ಒಂದು ಮಾರಿನಷ್ಟು ಫ್ಲೋರೋಕಾರ್ಬನ್ ಕಟ್ಟಿಕೊಳ್ಳುವ ಜೋಡಣೆ ನಮ್ಮ ಕೆರೆಗಳಿಗೆ ಅತ್ಯುತ್ತಮವೆಂದು ಈ ಲೇಖಕನ ಖಚಿತ ಅಭಿಪ್ರಾಯ. ಕಲಕಿದ ನೀರಿನಲ್ಲಿ ಅದೃಶ್ಯತೆ ಅಷ್ಟು ಮುಖ್ಯವಲ್ಲ ನಿಜ. ಆದರೆ ಕೆರೆ ಏರಿಯ ಒರಟು ಕಲ್ಲು ಹಾಸಿನ ಎದುರು ತೆಳು ಬ್ರೇಡ್ ಕ್ಷಣವೂ ನಿಲ್ಲದು, ಅಲ್ಲಿ ಫ್ಲೋರೋಕಾರ್ಬನ್ ರಕ್ಷಾಕವಚವಾಗುತ್ತದೆ. ಎರಡನ್ನೂ ಜೋಡಿಸುವ ಗಂಟನ್ನು ಬಿಗಿಯುವ ಮುನ್ನ ನೀರಿನಿಂದ ಒದ್ದೆ ಮಾಡಲೇಬೇಕು. ಒಣಗಂಟು ಉಜ್ಜಿ ಬಿಸಿಯಾಗಿ ಅಲ್ಲೇ ದುರ್ಬಲವಾಗುತ್ತದೆ.

ಕೋಲಿನ ವಿಚಾರಕ್ಕೆ ಬಂದರೆ, ಜಿಲೇಬಿ ಎಂದು ಮಾರುಕಟ್ಟೆಯಲ್ಲಿ ಕರೆಯುವ ತಿಲಾಪಿಯ, ಗೆಂಡೆ ಜಾತಿಯ ಸಣ್ಣ ಮೀನು, ಮುರ್ಲಿನ ಬಳಗದ ಚಿಕ್ಕ ಕೊರವ ಇವುಗಳಿಗೆ ಆರು ಅಡಿ ಆಸುಪಾಸಿನ ಅಲ್ಟ್ರಾಲೈಟ್ ಕೋಲು, 1000 ಗಾತ್ರದ ರೀಲು, 1ರಿಂದ 5 ಗ್ರಾಂ ತೂಕದ ಎರೆ ಸಾಕು. ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾ ಮೂಲದ ಮೀನು; ಅದು ಎಲ್ಲೆಡೆ ವ್ಯಾಪಿಸಿರುವುದರಿಂದ ಮಕ್ಕಳ ಮೊದಲ ಗಾಳಕ್ಕೆ ಧಾರಾಳವಾಗಿ ಒದಗುತ್ತದೆ. ತೆರೆದ ನೀರಿನ ಅಂಚಿನಲ್ಲಿ ಕುಚ್ಚಿನ ಮುರ್ಲಿಗೆ ಏಳಡಿ ಸಮೀಪದ ಮೀಡಿಯಂ ಕೋಲು, 2500 ಗಾತ್ರದ ರೀಲು ಒಪ್ಪುತ್ತವೆ. ಆದರೆ ಅಂತರಗಂಗೆಯ ದಟ್ಟ ಹಾಸಿನೊಳಗೆ ರಬ್ಬರ್ ಕಪ್ಪೆ ಎಸೆಯುವವರು ಫಿನೆಸ್‌ನ ಮೋಹವನ್ನು ಬದಿಗಿಟ್ಟು, ಮೀಡಿಯಂ ಹೆವಿ ಕೋಲು ಮತ್ತು 40 ಪೌಂಡಿನ ಬ್ರೇಡ್ ಹಿಡಿಯಬೇಕು. ಮುರ್ಲಿನ ಬಾಯಿ ಎಲುಬಿನಂತೆ ಗಡಸು. ದಪ್ಪ ತಂತಿಯ ಗಾಳ ನಾಟಲು ಬಲ ಬೇಕು. ಮೇಲಾಗಿ, ತೆಳುನೂಲು ಕಳೆಯಲ್ಲಿ ಕಡಿದರೆ ಮೀನು ದವಡೆಯಲ್ಲಿ ಗಾಳ ಹೊತ್ತು ತಿರುಗಬೇಕಾಗುತ್ತದೆ. ನಾಜೂಕು ಎಂಬುದು ನೀರನ್ನು ಅರಿತು ಅಳತೆ ಹಾಕುವ ಬುದ್ಧಿ. ಎಲ್ಲೆಲ್ಲೂ ತೆಳುವನ್ನೇ ಬಳಸುವ ಹಠಕ್ಕೆ ಅದರಲ್ಲಿ ಎಡೆಯಿಲ್ಲ. ರೀಲಿನಿಂದ ನೂಲು ಜಾರುವ ಬಿಗಿತವನ್ನು, ಅಂದರೆ ಡ್ರ್ಯಾಗನ್ನು, ನೂಲಿನ ತಾಳಿಕೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಹೊಂದಿಸುವುದು ಎಲ್ಲ ಕೋಲುಗಳಿಗೂ ಅನ್ವಯಿಸುವ ನಿಯಮ.

ತಂತ್ರಗಳಲ್ಲಿ ನೆಡ್ ರಿಗ್‌ನ ಸರಳತೆಗೆ ಸಾಟಿಯಿಲ್ಲ. ಅಣಬೆಯಾಕಾರದ ಎರಡು ಮೂರು ಗ್ರಾಂ ತೂಕದ ಸೀಸದ ತಲೆಗೆ ಬೆರಳುದ್ದದ ತೇಲುವ ಪ್ಲಾಸ್ಟಿಕ್ ತುಂಡು ಚುಚ್ಚಿದರೆ, ಅದು ತಳ ಮುಟ್ಟಿದ ಮೇಲೆ ಬಾಲವೆತ್ತಿ ನಿಂತು, ಕೆಸರು ಕೆದಕುವ ಮರಿಮೀನಿನ ಭ್ರಮೆ ಹುಟ್ಟಿಸುತ್ತದೆ. ಕೈ ಅಲುಗಿಸದಿರುವುದೇ ಇಲ್ಲಿನ ಕೌಶಲ. ಡ್ರಾಪ್ ಶಾಟ್‌ನಲ್ಲಿ ಸೀಸ ನೂಲಿನ ಕೊನೆಯಲ್ಲಿ, ಗಾಳ ಅದಕ್ಕಿಂತ ಒಂದು ಗೇಣು ಮೇಲೆ. ಸೀಸವನ್ನು ಕದಲಿಸದೆ ಕೋಲಿನ ತುದಿಯನ್ನು ನಡುಗಿಸಿದರೆ ಎರೆ ನಿಂತಲ್ಲೇ ಮಿಡಿಯುತ್ತದೆ. ಕೆರೆ ಏರಿಯ ಕಲ್ಲುಗಳ ಬುಡ, ತೂಬಿನ ಬಳಿಯ ಆಳ, ಕೋಡಿಯ ಪಕ್ಕದ ತಿರುವು ಇದಕ್ಕೆ ಪ್ರಶಸ್ತ ಸ್ಥಳಗಳು. ವ್ಯಾಕಿ ರಿಗ್‌ನಲ್ಲಿ ಹುಳುವಿನ ನಡುವಿಗೆ ಗಾಳ ಚುಚ್ಚುತ್ತಾರೆ, ಬೀಳುವಾಗ ಎರಡೂ ತುದಿಗಳು ಅಲೆಯುತ್ತವೆ. ಆದರೆ ಗಾಳದ ಮೊನೆ ತೆರೆದಿರುವುದರಿಂದ ನಮ್ಮ ಕಳೆತುಂಬಿದ ನೀರಿನಲ್ಲಿ ಅದು ಹೆಚ್ಚು ಹೊತ್ತು ಉಪಯೋಗಕ್ಕೆ ಬಾರದು. ಮೊನೆಯನ್ನು ಪ್ಲಾಸ್ಟಿಕ್ಕಿನೊಳಗೇ ಅಡಗಿಸುವ ಟೆಕ್ಸಾಸ್ ರಿಗ್, ಸೀಸವಿಲ್ಲದೆ ಅಥವಾ ಅತ್ಯಲ್ಪ ಸೀಸದೊಂದಿಗೆ, ಮುರ್ಲಿಗೆ ಹೆಚ್ಚು ಪ್ರಶಸ್ತ.

ಎಲ್ಲಕ್ಕಿಂತ ರೋಮಾಂಚಕವಾದದ್ದು ಉಸಿರನ್ನು ಅನುಸರಿಸುವ ಬೇಟೆ. ಬಾಸ್ ಗಾಳಗಾರನಿಗೆ ಈ ಭಾಗ್ಯವೇ ಇಲ್ಲ, ಏಕೆಂದರೆ ಅವನ ಮೀನು ಉಸಿರಿಗಾಗಿ ಮೇಲೆ ಬರುವುದಿಲ್ಲ. ಮುರ್ಲು ಎದ್ದ ಜಾಗಕ್ಕೆ ನೇರವಾಗಿ ಎಸೆದರೆ ಅದು ಬೆದರಿ ಮುಳುಗುತ್ತದೆ. ಅದು ಸಾಗುವ ದಿಕ್ಕನ್ನು ಊಹಿಸಿ, ಎರಡು ಮೂರು ಮಾರು ಮುಂದಕ್ಕೆ, ಸಾಧ್ಯವಾದರೆ ಎಲೆಯ ಮೇಲೆ ಎರೆಯನ್ನು ಇಳಿಸಿ, ಅಲ್ಲಿಂದ ಮೆತ್ತಗೆ ನೀರಿಗೆ ಜಾರಿಸಬೇಕು. ಹೊಡೆತ ಬಿದ್ದ ಕೂಡಲೇ ಎಳೆಯುವುದು ಆತುರಗಾರರ ಲಕ್ಷಣ. ನೂಲು ಬಿಗಿಯಾಗುವವರೆಗೆ ಒಂದು ಉಸಿರು ತಡೆದರೆ ಮೀನು ಕೈಸೇರುತ್ತದೆ. ಡಿಸೆಂಬರ್, ಜನವರಿಯ ಚಳಿಯಲ್ಲಿ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನ ಕೆರೆಗಳು ತಂಪಾಗಿ ಮೀನು ಜಡವಾದಾಗ, ನಿಧಾನದ ಎರೆಗಳು ತಮ್ಮ ಪೂರ್ಣ ಸತ್ತ್ವ ತೋರುತ್ತವೆ.

ಇಂದಿನ ಸ್ಥಿತಿಯನ್ನು ಹೇಳದೆ ಈ ಚಿತ್ರ ಪೂರ್ಣವಾಗದು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಒಳಚರಂಡಿಯ ನೀರು, ಬೇಸಿಗೆಯ ಬಿಸಿ, ಕುಸಿದ ಆಮ್ಲಜನಕ ಒಟ್ಟಾದರೆ ಯಾವ ಕೆರೆಗೂ ಇದೇ ಗತಿ. ಬೆಳ್ಳಂದೂರು, ವರ್ತೂರುಗಳ ನೊರೆ ಮತ್ತು ಬೆಂಕಿ ದೇಶಕ್ಕೆಲ್ಲ ಗೊತ್ತಿರುವ ವಾರ್ತೆ. ಕೊಳಚೆ ಸೇರುವ ಕೆರೆಯ ಮೀನನ್ನು ಅಡುಗೆಮನೆಗೆ ಒಯ್ಯದಿರುವುದೇ ಆರೋಗ್ಯಕರ. ಜೊತೆಗೆ, ನಗರದ ಕೆರೆಗಳಲ್ಲಿ ಮೀನುಗಾರಿಕೆಯ ಹಕ್ಕು ಗುತ್ತಿಗೆಯ ಮೂಲಕ ಬೇರೆಯವರಿಗೆ ಸಂದಿರಬಹುದು, ಕೆಲವೆಡೆ ಗಾಳಕ್ಕೆ ಪೂರ್ಣ ನಿಷೇಧವಿರಬಹುದು. ಕೋಲು ಬಿಚ್ಚುವ ಮುನ್ನ ಅನುಮತಿ ವಿಚಾರಿಸಿಕೊಳ್ಳುವುದು ಮೊದಲ ಶಿಷ್ಟಾಚಾರ.

ಕಾವೇರಿ ದಂಡೆಯ ಶಿಬಿರಗಳು ಕಲಿಸಿದ ಹಿಡಿದುಬಿಡುವ ಪದ್ಧತಿ ಕೆರೆಗಳಿಗೂ ಹೊಂದುತ್ತದೆ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಬಿಡಿಸುವುದು ಸುಲಭ. ಒದ್ದೆ ಕೈಯಿಂದ ಹಿಡಿದರೆ ಮೀನಿನ ಮೈಮೇಲಿನ ರಕ್ಷಕ ಲೋಳೆ ಉಳಿಯುತ್ತದೆ. ಬಿಸಿ ಕಲ್ಲಿನ ಮೇಲೆ ಮಲಗಿಸಿ ಚಿತ್ರ ತೆಗೆಯುವುದು ಕ್ರೌರ್ಯ. ತುಂಡಾದ ನೂಲನ್ನು ದಡದಲ್ಲಿ ಎಸೆದರೆ ಅದು ನೀರುಕಾಗೆ, ಹದ್ದು, ಪೆಲಿಕನ್‌ಗಳ ಕಾಲಿಗೆ ಉರುಳು. ಹಿಡಿದುಬಿಡುವ ಪದ್ಧತಿಗೆ ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಅಪವಾದ: 2000ದಲ್ಲಿ ಕೇಂದ್ರ ಸರ್ಕಾರ ಇದರ ಸಾಕಣೆಯನ್ನೇ ನಿಷೇಧಿಸಿದೆ, ದೇಶೀಯ ಮೀನುಗಳನ್ನು ಕಬಳಿಸುವ ಅದನ್ನು ಮರಳಿ ಕೆರೆಗೆ ಬಿಡುವುದು ತರವಲ್ಲ.

ಮುಂಗಾರು ಕಾಲಿಟ್ಟ ಮೇಲೆ ಮುರ್ಲಿನ ಬದುಕಿನ ಅತ್ಯಂತ ಉದಾತ್ತ ಅಧ್ಯಾಯ ತೆರೆಯುತ್ತದೆ. ಕಳೆಯ ನಡುವೆ ಗೂಡು ಕಟ್ಟಿ, ತೇಲುವ ಮೊಟ್ಟೆಗಳನ್ನು ಕಾಯ್ದು, ಹೊರಬಂದ ನೂರಾರು ಕಿತ್ತಳೆ ಬಣ್ಣದ ಮರಿಗಳ ಗುಂಪನ್ನು ತಂದೆತಾಯಿ ಕೆಳಗಿನಿಂದ ಕಾವಲು ಕಾಯುತ್ತ ನಡೆಸುತ್ತವೆ. ಆ ಹೊತ್ತಿನಲ್ಲಿ ಅವು ಹತ್ತಿರ ಬಂದ ಯಾವುದರ ಮೇಲಾದರೂ ಎರಗುತ್ತವೆ. ಹಾಗಾಗಿ ಮರಿಗುಂಪಿನ ಮೇಲೆ ಎರೆ ಎಸೆದು ಹಿಡಿಯುವುದು ಅತಿ ಸುಲಭ. ಕಾವಲು ತಪ್ಪಿದ ಮರಿಗಳನ್ನು ತಿಲಾಪಿಯ, ಬೆಳ್ಳಕ್ಕಿಗಳು ಸ್ವಲ್ಪ ಹೊತ್ತಿನಲ್ಲೇ ಮುಗಿಸುತ್ತವೆ. ಇದನ್ನರಿತ ಗಾಳಗಾರರು ಮರಿಗುಂಪು ಕಂಡ ಕಡೆ ದಪ್ಪ ಕೋಲನ್ನು ಚೀಲಕ್ಕೆ ಸೇರಿಸಿ, ಕೆರೆಯ ಮತ್ತೊಂದು ಮಗ್ಗುಲಿಗೆ ಹೋಗಿ ಅಲ್ಟ್ರಾಲೈಟ್ ಕೋಲಿಗೆ ಎರಡು ಗ್ರಾಂ ಎರೆ ಕಟ್ಟಿ ತಿಲಾಪಿಯ ಹಿಡಿಯುತ್ತಾರೆ. ಮರಿಗಳು ಬಣ್ಣ ಕಳೆದುಕೊಂಡು ಚದುರಿ, ನೀರು ತಿಳಿಯಾಗುವ ದಸರೆಯ ಆಸುಪಾಸಿಗೆ ಮುರ್ಲಿನ ಕೋಲು ಮತ್ತೆ ಹೊರಬರುತ್ತದೆ.